ರಾತ್ರಿಯ ಕರೆಗೆ ಓಗೊಡುವವರು ಯಾರು?



ಕಳೆದ ಸಂಚಿಕೆಯ ಈ ಅಂಕಣದಲ್ಲಿ ರಾಗಿಗೆ ಬರುವ ಬೆಂಕಿ ರೋಗದ ವಿಷಯ ಬರೆದಿದ್ದೆವು. ತೆನೆಯ ಕುತ್ತಿಗೆ ಕಪ್ಪಾದ ಮೇಲೆ ಔಷಧಿ ಹೊಡೆದು ಹೆಚ್ಚು ಪ್ರಯೋಜನವಿಲ್ಲ, ಎಲೆಯ ಮೇಲೆ ಚುಕ್ಕೆ ಕಂಡಾಗಲೇ ಎಚ್ಚೆತ್ತುಕೊಳ್ಳಬೇಕು ಎಂದು ಹೇಳಿದ್ದೆವು. ಅದನ್ನು ಓದಿದ ತಳಿ ಕಡೆಯ ರೈತರೊಬ್ಬರು ಭಾನುವಾರ ಬಲಿಪೂಜೆಯ ನಂತರ ನಮ್ಮನ್ನು ನಿಲ್ಲಿಸಿ, "ಸ್ವಾಮಿ, ಬೆಳೆಗೆ ರೋಗ ಬಂದ್ರೆ ಕೇಳೋದಕ್ಕೆ ಸರ್ಕಾರದವರು ಫೋನ್ ನಂಬರ್ ಇಟ್ಟವ್ರೆ. ಮನುಷ್ಯನಿಗೆ ಮನಸ್ಸು ಕೆಟ್ರೆ ಯಾರಿಗೆ ಫೋನ್ ಮಾಡೋದು?" ಎಂದು ಕೇಳಿದರು. ಅವರು ಹೇಳಿದ್ದು 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಮಾತು. ಪ್ರಶ್ನೆ ಸಣ್ಣದಾಗಿ ಕಂಡರೂ ಅದಕ್ಕೆ ಉತ್ತರ ಕೊಡಲು ಈ ಸಂಚಿಕೆಯ ಅಂಕಣವೆಲ್ಲ ಬೇಕಾಯಿತು.

ಮೊದಲು ನಾವೇ ಕಂಡ ಒಂದು ಸಂಗತಿ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ. 2019ರ ಬೇಸಿಗೆ. ನಮಗೆ ಪರಿಚಯದ ಒಬ್ಬ ರೈತ ಎರಡು ಎಕರೆಗೆ ಟೊಮೇಟೊ ಹಾಕಿದ್ದ. ಸಸಿ, ಗೊಬ್ಬರ, ಕಡ್ಡಿ, ದಾರ ಎಲ್ಲವೂ ಸಾಲದ ಹಣದಲ್ಲಿ. ರಾಯಕೋಟೆ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು. ಬಿಡಿಸುವ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟ. ಆಮೇಲೆ ಆತ ಸರಿಯಾಗಿ ಊಟ ಮಾಡಲಿಲ್ಲ, ಮಲಗಲಿಲ್ಲ. ಹಗಲೆಲ್ಲ ಪಂಪ್‌ಸೆಟ್ ಮನೆಯಲ್ಲಿ ಒಬ್ಬನೇ ಕೂತಿರುತ್ತಿದ್ದ. ಒಂದು ರಾತ್ರಿ ಹೆಂಡತಿಗೆ, "ಮಕ್ಕಳನ್ನು ನಿಮ್ಮಣ್ಣನ ಮನೇಲಿ ಓದಿಸು" ಎಂದನಂತೆ. ಆ ತಾಯಿಗೆ ಮಾತಿನ ಅರ್ಥ ಹೊಳೆದು, ಹನ್ನೊಂದು ಗಂಟೆಗೆ ನಮಗೆ ಫೋನ್ ಮಾಡಿದಳು.

ನಾವು ಹೋದೆವು. ಹೋಗಿ ಮಾಡಿದ್ದೇನು? ಉಪದೇಶ ಮಾಡಿದೆವು. ದೇವರ ಮೇಲೆ ಭಾರ ಹಾಕು, ಯೋಬನ ಕಷ್ಟ ನೋಡು, ಗಂಡಸಾದವನು ಹೀಗೆ ಕುಗ್ಗಬಾರದು, ಇಂಥ ಮಾತುಗಳನ್ನು ಅರ್ಧ ಗಂಟೆ ಆಡಿದೆವು. ಆತ ನೆಲ ನೋಡುತ್ತಾ ಕೂತಿದ್ದ. ನಮ್ಮ ಜೊತೆ ಕನ್ಯಾಮಠದ ಔಷಧಾಲಯದ ನರ್ಸ್ ಸಿಸ್ಟರ್ ಒಬ್ಬರು ಬಂದಿದ್ದರು. ನಮ್ಮ ಮಾತು ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ಆತನ ಪಕ್ಕದಲ್ಲಿ ಜಗಲಿಯ ಮೇಲೆ ಕೂತು, "ಅಣ್ಣಾ, ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ಮೆಲ್ಲಗೆ ಕೇಳಿದರು. ನಾವು ಬೆಚ್ಚಿಬಿದ್ದೆವು. ಇಂಥ ಮಾತನ್ನು ಹೀಗೆ ನೇರವಾಗಿ ಕೇಳುವುದುಂಟೇ ಎನಿಸಿತು. ಆದರೆ ಅಲ್ಲಿಯವರೆಗೆ ತುಟಿ ಬಿಚ್ಚದ ಮನುಷ್ಯ ಮಗುವಿನ ಹಾಗೆ ಅತ್ತ. ಬೆಳಗಿನ ಜಾವದವರೆಗೆ ಮಾತಾಡಿದ. ಸಿಸ್ಟರ್ ಹೆಚ್ಚೇನೂ ಹೇಳಲಿಲ್ಲ, ಹೂಂ ಎನ್ನುತ್ತಾ ಕೇಳಿದರು. ಬೆಳಗಾದ ಮೇಲೆ ಮೊದಲ ಬಸ್ಸಿಗೆ ಆತನನ್ನು ಬೆಂಗಳೂರಿಗೆ ವೈದ್ಯರ ಬಳಿ ಕರೆದುಕೊಂಡು ಹೋದರು. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡ. ಈಗ ಆತ ಚೆನ್ನಾಗಿದ್ದಾನೆ. ಟೊಮೇಟೊ ಬಿಟ್ಟು ಹಸು ಕಟ್ಟಿದ್ದಾನೆ.

ಗುರುಮಠದಲ್ಲಿ ನಮಗೆ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಕಲಿಸಿದರು. ಈ ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಕಲಿತದ್ದು ಆ ರಾತ್ರಿ, ಆ ಜಗಲಿಯ ಮೇಲೆ. ಇನ್ನೊಂದು ಸಂಗತಿಯೂ ಮನಸ್ಸನ್ನು ಕೊರೆಯಿತು. ಆ ರಾತ್ರಿ ನಮ್ಮ ಕೈಯಲ್ಲಿ ಕರೆ ಮಾಡಿ ಕೇಳಲು ಒಂದು ನಂಬರ್ ಕೂಡ ಇರಲಿಲ್ಲ. ನಂಬರುಗಳು ಇದ್ದವು, ನಮಗೆ ಗೊತ್ತಿರಲಿಲ್ಲ. ಸಿಸ್ಟರ್ ಊರಲ್ಲಿ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇವೆ.

ಇಂದು ಒಂದು ನಂಬರ್ ಇದೆ: 14416. ಇದರ ಹೆಸರು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಫೆಬ್ರವರಿಯ ಬಜೆಟ್ಟಿನಲ್ಲಿ ಇದನ್ನು ಪ್ರಕಟಿಸಿತು. ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಇದು ಆರಂಭವಾಯಿತು. ತಮಿಳುನಾಡು ಸರ್ಕಾರ ಅದೇ ತಿಂಗಳಲ್ಲಿ ‘ನಟ್ಪುಡನ್ ಉಂಗಳೋಡು’, ಅಂದರೆ ‘ಸ್ನೇಹದಿಂದ ನಿಮ್ಮೊಂದಿಗೆ’, ಎಂಬ ಹೆಸರಿನಲ್ಲಿ ಇದೇ ನಂಬರನ್ನು ಜನರಿಗೆ ಕೊಟ್ಟಿತು. ಹಗಲು ರಾತ್ರಿ ಎನ್ನದೆ 24 ಗಂಟೆಯೂ ಕೆಲಸ ಮಾಡುತ್ತದೆ. ಕಾಸು ಬೇಡ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. ಆ ನಂಬರ್ ಸಿಗದಿದ್ದರೆ 1800 891 4416 ಎಂಬ ಇನ್ನೊಂದು ಉಚಿತ ನಂಬರೂ ಇದೆ.

ಇದು ಕೆಲಸ ಮಾಡುವ ಬಗೆ ಹೀಗೆ. ಕರೆ ಮಾಡಿದ ಕೂಡಲೇ ಭಾಷೆಯನ್ನು ಆರಿಸಿಕೊಳ್ಳಲು ಹೇಳುತ್ತದೆ. ದೇಶದಲ್ಲಿ ಒಟ್ಟು 20 ಭಾಷೆಗಳಲ್ಲಿ ಸೇವೆಯಿದೆ, ಅದರಲ್ಲಿ ಕನ್ನಡವೂ ತಮಿಳೂ ತೆಲುಗೂ ಸೇರಿವೆ. ನಂತರ ಕರೆ ಆಯಾ ರಾಜ್ಯದ ಘಟಕಕ್ಕೆ ಹೋಗುತ್ತದೆ. ಅಲ್ಲಿ ತರಬೇತಿ ಪಡೆದ ಆಪ್ತಸಲಹೆಗಾರರು ಮಾತಾಡುತ್ತಾರೆ. ಅವರ ಕೈ ಮೀರಿದ ವಿಷಯವಾದರೆ ಮನೋವೈದ್ಯರಿಗೆ ಕೊಡುತ್ತಾರೆ. ಮುಖ ನೋಡಿ ಪರೀಕ್ಷಿಸಬೇಕಾದವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕಳುಹಿಸುತ್ತಾರೆ. ಎಲ್ಲ 36 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಟ್ಟು 53 ಘಟಕಗಳು ಹುಟ್ಟಿಕೊಂಡವು. 2025ರ ಫೆಬ್ರವರಿಯ ಹೊತ್ತಿಗೆ 18 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವೆಂದು ಸರ್ಕಾರ ಹೇಳಿದೆ. ಇದಕ್ಕೆಲ್ಲ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ನಿಮ್ಹಾನ್ಸ್ ಇರುವುದು ಯಾವ ರಸ್ತೆಯಲ್ಲಿ ಎಂದು ಬಲ್ಲಿರಾ? ಹೊಸೂರು ರಸ್ತೆಯಲ್ಲಿ! ನಮ್ಮೂರ ಹೆಸರಿನ ರಸ್ತೆಯಲ್ಲಿ ದೇಶಕ್ಕೆಲ್ಲ ಉತ್ತರ ಕೊಡುವ ಮನೆಯಿದ್ದೂ, ನಮ್ಮ ಹಳ್ಳಿಗಳಲ್ಲಿ ಆ ಕಟ್ಟಡಕ್ಕೆ ಇನ್ನೂ ‘ಹುಚ್ಚಾಸ್ಪತ್ರೆ’ ಎಂಬ ಹೆಸರೇ ಉಳಿದಿದೆ.

ಫೋನಿನಲ್ಲಿ ಮಾತಾಡಿ ಜೀವ ಉಳಿಸಬಹುದೇ ಎಂದು ಕೆಲವರು ನಗುತ್ತಾರೆ. ಈ ಕೆಲಸವನ್ನು ಇಂಗ್ಲೆಂಡಿನಲ್ಲಿ ಆರಂಭಿಸಿದವರು ನಮ್ಮಂತೆಯೇ ಒಬ್ಬ ಪಾದ್ರಿ, ಆಂಗ್ಲಿಕನ್ ಸಭೆಯ ಚಾಡ್ ವಾರಾ. ಅವರು ಗುರುವಾದ ಹೊಸದರಲ್ಲಿ, 1935ರಲ್ಲಿ, ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಅಂತ್ಯಸಂಸ್ಕಾರ ಮಾಡಬೇಕಾಯಿತು. ಆ ಮಗು ಮೈನೆರೆದದ್ದನ್ನು ಕೆಟ್ಟ ರೋಗವೆಂದು ತಿಳಿದು, ಕೇಳಲು ಯಾರೂ ಇಲ್ಲದೆ, ಪ್ರಾಣ ಕಳೆದುಕೊಂಡಿತ್ತು. ಅದನ್ನು ಅವರು ಮರೆಯಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ದೇವಾಲಯದಲ್ಲಿ ಒಂದು ಟೆಲಿಫೋನ್ ಇಟ್ಟುಕೊಂಡು ಕೂತರು. ಅದೇ ಮುಂದೆ ‘ಸಮಾರಿಟನ್ಸ್’ ಎಂಬ ಸಂಸ್ಥೆಯಾಯಿತು. ಅವರಿಗೆ ಬೇಗನೆ ಒಂದು ವಿಷಯ ಅರಿವಾಯಿತು. ಗುರುಗಳನ್ನು ಕಾಣಲೆಂದು ಬಂದ ಎಷ್ಟೋ ಮಂದಿ, ಸರದಿ ಕಾಯುವಾಗ ಚಹಾ ಕೊಟ್ಟು ಮಾತಾಡಿಸುತ್ತಿದ್ದ ಸಾಮಾನ್ಯ ಸ್ವಯಂಸೇವಕರ ಬಳಿಯೇ ಮನಸ್ಸು ಹಗುರ ಮಾಡಿಕೊಂಡು ಹೊರಟುಹೋಗುತ್ತಿದ್ದರು. ನಮ್ಮ ಸಿಸ್ಟರ್ ಮಾಡಿದ್ದೂ ಅದೇ ಕೆಲಸ.

ನಮ್ಮ ನಾಡಿನಲ್ಲಿ ಚೆನ್ನೈಯ ಡಾ. ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ‘ಸ್ನೇಹಾ’ ಎಂಬ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ‘ಸಹಾಯ್’ ಎಂಬ ದೂರವಾಣಿ ಸೇವೆಯನ್ನು ನಡೆಸಿಕೊಂಡು ಬಂದಿದೆ. ಇವೆಲ್ಲ ಸ್ವಯಂಸೇವಕರ ಬೆವರಿನಿಂದ, ದಾನಿಗಳ ಹಣದಿಂದ ಬೆಳೆದವು. ಆದರೆ ದಾನದ ಹಣ ಮಳೆಯಂತೆ. ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತಿರಲು ಸಂಬಳದ ಆಳು ಬೇಕು. ಆದ್ದರಿಂದಲೇ ಸರ್ಕಾರದ ಹಣದ ಮಾತು ಬರುತ್ತದೆ.

ಕೇಂದ್ರ ಸರ್ಕಾರ ಈ ಸಹಾಯವಾಣಿಗೆ 2022-23ರಲ್ಲಿ 120.98 ಕೋಟಿ, 2023-24ರಲ್ಲಿ 133.73 ಕೋಟಿ, 2024-25ರಲ್ಲಿ 90 ಕೋಟಿ ರೂಪಾಯಿ ತೆಗೆದಿಟ್ಟಿತು. ಕೋಟಿ ಎಂದ ಕೂಡಲೇ ನಮಗೆ ತಲೆ ತಿರುಗುತ್ತದೆ. ಆದ್ದರಿಂದ ರೈತರ ಲೆಕ್ಕ ಹಾಕಿ ನೋಡೋಣ. ದೇಶದ ಜನ ಸುಮಾರು 140 ಕೋಟಿ. 90 ಕೋಟಿಯನ್ನು ಹಂಚಿದರೆ ತಲೆಗೆ ವರ್ಷಕ್ಕೆ 64 ಪೈಸೆ. 2011ರ ಜನಗಣತಿಯಂತೆ ಕೃಷ್ಣಗಿರಿ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ 18 ಲಕ್ಷ 80 ಸಾವಿರ. ಹಾಗಾದರೆ ನಮ್ಮ ಇಡೀ ಜಿಲ್ಲೆಯ ಪಾಲು ಸುಮಾರು 12 ಲಕ್ಷ ರೂಪಾಯಿ. ಒಂದು ಹೊಸ ಟ್ರ್ಯಾಕ್ಟರನ್ನು ಟ್ರೈಲರ್, ಕಲ್ಟಿವೇಟರ್ ಸಮೇತ ಮನೆಗೆ ತಂದರೆ ಹೆಚ್ಚುಕಡಿಮೆ ಮುಗಿದುಹೋಗುವ ಹಣ. ನಿಜವಾಗಿ ಹಣ ಹೀಗೆ ಜಿಲ್ಲೆಜಿಲ್ಲೆಗೆ ಹಂಚಿಕೆಯಾಗುವುದಿಲ್ಲ, ಅಳತೆ ತಿಳಿಯಲೆಂದು ಹೇಳಿದೆವು. ಕರೆಗಳು ಹೆಚ್ಚುತ್ತಿರುವಾಗ ಹಣ ಇಳಿದದ್ದು ನಮಗೆ ಸರಿಕಾಣುವುದಿಲ್ಲ. ಹೊಸ ಬಾವಿಗೆ ನೀರು ಸೇದುವವರು ಹೆಚ್ಚಾದಾಗ ಹಗ್ಗವನ್ನು ಯಾರೂ ಗಿಡ್ಡ ಮಾಡುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಬಾಬ್ತು ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇದಕ್ಕೆ ಒಂದು ಜಿಲ್ಲೆಗೆ ವರ್ಷಕ್ಕೆ 83.2 ಲಕ್ಷ ರೂಪಾಯಿವರೆಗೆ ಕೊಡಬಹುದೆಂದು ಲೆಕ್ಕವಿದೆ. ಇದರ ಹುಟ್ಟಿನ ಕಥೆ ನಮ್ಮ ನೆರೆಯದೇ. 1970ರ ದಶಕದ ನಡುವೆ ನಿಮ್ಹಾನ್ಸಿನವರು ಆನೇಕಲ್ ಸೀಮೆಯ ಸಕಲವಾರದಲ್ಲಿ, ಅಂದರೆ ನಮ್ಮ ಗಡಿಯಿಂದ ಕೂಗಳತೆಯಲ್ಲಿ, ಒಂದು ಹಳ್ಳಿ ಕೇಂದ್ರ ತೆರೆದರು. ದೊಡ್ಡ ಮನೋವೈದ್ಯರು ಇಲ್ಲದಿದ್ದರೂ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಅವರೇ ರೋಗವನ್ನು ಗುರುತಿಸಿ ರೋಗಿಯನ್ನು ಬಿಡದೆ ನೋಡಿಕೊಳ್ಳಬಲ್ಲರೇ ಎಂದು ಅಲ್ಲಿ ಪರೀಕ್ಷಿಸಿದರು. ಬಲ್ಲರು ಎಂದು ಗೊತ್ತಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನರ ನಡುವೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ತರಬೇತಿ ಕೊಟ್ಟು, ಬೇಕಾದ ಮಾತ್ರೆಗಳನ್ನು ಅಲ್ಲೇ ಒದಗಿಸಿ ನಡೆಸಿ ತೋರಿಸಿದರು. ಅದೇ ‘ಬಳ್ಳಾರಿ ಮಾದರಿ’. 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ಆರಂಭವಾಗಿ ಇಂದು ದೇಶದ ಬಹುತೇಕ ಜಿಲ್ಲೆಗಳಿಗೆ ಹರಡಿದೆ. ಸಕಲವಾರದಲ್ಲಿ ಹಚ್ಚಿದ ದೀಪದ ಬೆಳಕು ದೆಹಲಿ ಸುತ್ತಿಕೊಂಡು ನಮ್ಮಲ್ಲಿಗೆ ಬರಲು ಇಷ್ಟು ವರ್ಷ ಹಿಡಿಯಿತು!

ಸಹಾಯವಾಣಿ ಮತ್ತು ಜಿಲ್ಲಾ ಕಾರ್ಯಕ್ರಮ ಎರಡೂ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಫೋನಿನಲ್ಲಿ ಮಾತಾಡಿದವರು "ನಾಳೆ ಡಾಕ್ಟರನ್ನು ನೋಡಿ" ಎಂದರೆ, ನಾಳೆ ಆ ಡಾಕ್ಟರು ಎಲ್ಲಿ ಸಿಗಬೇಕು? ಅಂಚೆಟ್ಟಿಯವನಿಗೆ ಕೃಷ್ಣಗಿರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. 2022ರ ಜನವರಿಯಲ್ಲಿ ಕೃಷ್ಣಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ದೊಡ್ಡ ಉಪಕಾರ. ಆದರೆ ಮಾತ್ರೆ ಹಳ್ಳಿಯ ಹತ್ತಿರ ಸಿಗಬೇಕು. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿಗಳು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲೇ ಆರಂಭಿಸಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆಬಾಗಿಲಿಗೆ ತರುವ ಆ ಹೆಣ್ಣುಮಕ್ಕಳು, "ನಿದ್ದೆ ಬರುತ್ತಾ ಅಮ್ಮ? ಮನಸ್ಸು ಹೇಗಿದೆ?" ಎಂದು ಎರಡು ಮಾತು ಕೇಳುವಂತಾದರೆ ಖರ್ಚೇನೂ ಹೆಚ್ಚಾಗದು.

ಹಣದ ವಿಷಯದಲ್ಲಿ ಅಮೆರಿಕದವರ ಒಂದು ಉಪಾಯ ತಿಳಿದುಕೊಳ್ಳುವಂಥದ್ದು. ಅವರು 2022ರ ಜುಲೈಯಲ್ಲಿ 988 ಎಂಬ ಮೂರಂಕಿಯ ನಂಬರ್ ತಂದರು. ಅದಕ್ಕೆ ಮೊದಲೇ, 2020ರಲ್ಲಿ, ಒಂದು ಕಾನೂನು ಮಾಡಿ, ರಾಜ್ಯಗಳು ಬಯಸಿದರೆ ಫೋನ್ ಬಿಲ್ಲಿನಲ್ಲಿ ಸಣ್ಣ ಶುಲ್ಕ ಸೇರಿಸಿ ಅದನ್ನು ಈ ಸೇವೆಗೇ ಮೀಸಲಿಡಬಹುದೆಂದರು. ಕೆಲವು ರಾಜ್ಯಗಳು ಹಾಗೆ ಮಾಡಿದವು, ಹಲವು ಮಾಡಲಿಲ್ಲ. ಅಲ್ಲಿ ಕರೆಯನ್ನು ಮೊದಲು ತೆಗೆದುಕೊಳ್ಳುವುದು ಆಯಾ ಸೀಮೆಯ ಕೇಂದ್ರ. ಅವರು ಎತ್ತದಿದ್ದರೆ ಮಾತ್ರ ದೂರದ ಕೇಂದ್ರಕ್ಕೆ ಹೋಗುತ್ತದೆ. ಸ್ಥಳೀಯರೇ ಎತ್ತಬೇಕೆಂಬ ಹಟ ಏಕೆ? ಟೊಮೇಟೊ ಕೇಜು ಎರಡು ರೂಪಾಯಿಗೆ ಇಳಿದರೆ ಒಂದು ಮನೆಯಲ್ಲಿ ಏನಾಗುತ್ತದೆಂದು ವಿವರಿಸದೆಯೇ ಅರ್ಥಮಾಡಿಕೊಳ್ಳುವವನು, ಯಾವ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆಂದು ಬಲ್ಲವನು, ಆ ಕಡೆಯ ತುದಿಯಲ್ಲಿರಲಿ ಎಂದು.

ಇಲ್ಲಿ ನಮ್ಮ ಗಡಿಸೀಮೆಯ ತೊಡಕು ಬರುತ್ತದೆ. ನಮ್ಮ ಹೊಸೂರು, ದೇಂಕಣಿಕೋಟೆ, ತಳಿ, ಕೆಳಮಂಗಲ ಕಡೆಯ ಮನೆಗಳಲ್ಲಿ ಕನ್ನಡವೋ ತೆಲುಗೋ ಆಡುತ್ತಾರೆ, ಶಾಲೆಯಲ್ಲಿ ಆಫೀಸಿನಲ್ಲಿ ತಮಿಳು. ಸಂತೆಯಲ್ಲಿ ಮೂರೂ ಭಾಷೆ ಕಲೆಸಿ ಮಾತಾಡಿ ವ್ಯಾಪಾರ ಮುಗಿಸುತ್ತೇವೆ, ಏನೂ ತೊಂದರೆಯಿಲ್ಲ. ಆದರೆ ಎದೆಯ ನೋವನ್ನು ಹೇಳಿಕೊಳ್ಳುವ ಹೊತ್ತಿಗೆ ತಾಯಿ ಮಾತು ಬಿಟ್ಟು ಬೇರೆ ಯಾವುದೂ ಬಾಯಿಗೆ ಬರುವುದಿಲ್ಲ. ಪಾಪನಿವೇದನೆ ಕೇಳುವ ನಮಗೆ ಇದು ಚೆನ್ನಾಗಿ ಗೊತ್ತು. ಹತ್ತು ವರ್ಷ ನಮ್ಮೊಡನೆ ತಮಿಳಿನಲ್ಲೇ ಮಾತಾಡಿದವರು ಅಲ್ಲಿ ಮೊಣಕಾಲೂರಿದಾಗ ಕನ್ನಡಕ್ಕೆ ತಿರುಗುತ್ತಾರೆ. ಇನ್ನೊಂದು, ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಅಲ್ಲಿಯೇ ಕೊಂಡ ಸಿಮ್ಮನ್ನು ಇಟ್ಟುಕೊಂಡಿದ್ದಾರೆ. ಆದ್ದರಿಂದ ಕರೆ ಯಾವ ರಾಜ್ಯಕ್ಕೆ ಹೋದರೂ ಗಾಬರಿಯಾಗದೆ, ನೀವು ಇರುವ ಊರು, ಜಿಲ್ಲೆ ಯಾವುದೆಂದು ಮೊದಲೇ ಹೇಳಿಬಿಡಿ. ಭಾಷೆ ಕೇಳಿದಾಗ ಸಂಕೋಚವಿಲ್ಲದೆ ನಿಮ್ಮ ಮನೆಮಾತನ್ನೇ ಆರಿಸಿ. ಜಿಲ್ಲಾ ಕಾರ್ಯಕ್ರಮದಲ್ಲಿ ಕನ್ನಡ, ತೆಲುಗು ಬಲ್ಲ ಒಬ್ಬ ಆಪ್ತಸಲಹೆಗಾರರಾದರೂ ಹೊಸೂರಿನಲ್ಲಿ ಕೂರಬೇಕೆಂದು ಕೇಳುವುದು ನಮ್ಮ ಹಕ್ಕು. ಸಿಪ್ಕಾಟ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರಗಳಿಂದ ಬಂದ ಹುಡುಗರಿಗೆ ಹಿಂದಿಯೂ ಬೇಕಾದೀತು, ಅವರೂ ಯಾರದೋ ಮನೆಯ ಮಕ್ಕಳು.

ಹಕ್ಕು ಎಂದು ನಾವು ಬಾಯಿಮಾತಿಗೆ ಹೇಳುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎಂದು ಅದರ 18ನೆಯ ಕಲಮು ಹೇಳುತ್ತದೆ. ಆತ್ಮಹತ್ಯೆ ತಡೆಯುವ ಕಾರ್ಯಕ್ರಮ ನಡೆಸುವುದು ಸರ್ಕಾರದ ಹೊಣೆ ಎಂದು 29ನೆಯ ಕಲಮು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿ ಎನ್ನದೆ, ತೀವ್ರ ಒತ್ತಡದಲ್ಲಿದ್ದವನೆಂದು ತಿಳಿದು ಆರೈಕೆ ಕೊಡಬೇಕು ಎಂದು 115ನೆಯ ಕಲಮು. ಹಳೆಯ ದಂಡ ಸಂಹಿತೆಯ 309ನೆಯ ಕಲಮು ಇಂಥವರಿಗೆ ಜೈಲು ಎನ್ನುತ್ತಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ ಕಲಮು ಇಲ್ಲ. ಪೊಲೀಸರ ಭಯಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸುಳ್ಳು ಹೇಳಿ ಚಿಕಿತ್ಸೆ ತಪ್ಪಿಸುವ ಮನೆಯವರು ಇದನ್ನು ದಯವಿಟ್ಟು ನೆನಪಿಡಬೇಕು.

ಧರ್ಮಸಭೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ಹಿರಿಯರು ಈಗಲೂ ಕೇಳುತ್ತಾರೆ. ಹಿಂದೆ ಹೀಗೆ ಸತ್ತವರಿಗೆ ಸಿಮೆಟ್ರಿಯಲ್ಲಿ ಜಾಗವಿಲ್ಲ, ಬೇಲಿಯ ಆಚೆ ಹೂಳುತ್ತಿದ್ದರು. 1917ರ ಧರ್ಮಸಭಾ ಕಾನೂನಿನಲ್ಲಿ ಅಂಥ ನಿರ್ಬಂಧವಿತ್ತು. 1983ರ ಕಾನೂನಿನಲ್ಲಿ ಅದು ಇಲ್ಲ. ಮನಸ್ಸಿನ ತೀವ್ರ ಬೇನೆ, ಭಯ, ಯಾತನೆಗಳು ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆ, ಅವರ ರಕ್ಷಣೆಯ ಬಗ್ಗೆ ನಾವು ಆಸೆ ಬಿಡಬಾರದು ಎಂದು ಧರ್ಮೋಪದೇಶ ಸ್ಪಷ್ಟವಾಗಿ ಹೇಳುತ್ತದೆ. ಅಂಥ ಮನೆಗೆ ಹೋಗಿ ಪಿಸುಮಾತಾಡುವವರಿಗಿಂತ, ಒಂದು ಪಾತ್ರೆ ಅನ್ನ ತೆಗೆದುಕೊಂಡು ಹೋಗಿ ಸುಮ್ಮನೆ ಕೂತುಬರುವವರು ನಮಗೆ ಬೇಕು.

ಪ್ರಾರ್ಥನೆಯಿಂದ ಎಲ್ಲ ಸರಿಹೋಗುತ್ತದೆ, ಮಾತ್ರೆ ಬೇಡ ಎನ್ನುವವರೂ ನಮ್ಮಲ್ಲಿದ್ದಾರೆ. ಪ್ರಾರ್ಥನೆ ಮಾಡಿ, ನಾವೂ ಮಾಡುತ್ತೇವೆ. ಆದರೆ 2001ರ ಆಗಸ್ಟಿನಲ್ಲಿ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಏನಾಯಿತೆಂದು ಮರೆಯಬೇಡಿ. ಮನಸ್ಸಿನ ಬೇನೆಯವರನ್ನು ಗುಣವಾಗಲೆಂದು ತಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ ಒಂದು ಆಶ್ರಯಮನೆಗೆ ಬೆಂಕಿ ಬಿದ್ದು, ಬಿಡಿಸಿಕೊಂಡು ಓಡಲಾಗದೆ 28 ಮಂದಿ ಸತ್ತರು. ಮುರಿದ ಕಾಲಿಗೆ ಕಟ್ಟು ಹಾಕಿಸಿಕೊಂಡೇ ಜಪಮಾಲೆ ಹೇಳುವ ನಾವು ಮನಸ್ಸಿಗೆ ಮಾತ್ರ ಬೇರೆ ನ್ಯಾಯ ಏಕೆ ಮಾಡಬೇಕು?

ಈಗ ಹೊಲದ ಮಾತಿಗೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅದರಲ್ಲಿ ತಮಿಳುನಾಡಿನವರು 19,834, ದೇಶದಲ್ಲಿ ಮಹಾರಾಷ್ಟ್ರದ ನಂತರ ಎರಡನೆಯ ಸ್ಥಾನ. ಕರ್ನಾಟಕದವರು 13,606. ಬೇಸಾಯವನ್ನು ನಂಬಿದವರು ದೇಶದಲ್ಲಿ 11,290, ಅವರಲ್ಲಿ ಹೊಲದೊಡೆಯರಿಗಿಂತ ಕೂಲಿಯವರೇ ಹೆಚ್ಚು. ಪತ್ರಿಕೆಗಳು ರೈತನ ಸಾಲದ ಬಗ್ಗೆ ಬರೆಯುತ್ತವೆ, ಕೂಲಿಯವನ ಸಾಲದ ಬಗ್ಗೆ ಬರೆಯುವುದು ಕಡಿಮೆ.

ನಾವು ತಿಳಿದಂತೆ ಇಂಥ ಯೋಚನೆ ಅನೇಕರಲ್ಲಿ ಅಲೆಯಂತೆ ಬಂದು ಹೋಗುವಂಥದ್ದು. ಆ ಕೆಟ್ಟ ಗಳಿಗೆಯಲ್ಲಿ ಕೈಗೆ ಅಪಾಯದ ವಸ್ತು ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಅರ್ಧಕ್ಕಿಂತಲೂ ಕೆಳಗಿಳಿದವು, ಬೆಳೆ ಇಳಿಯಲಿಲ್ಲ. ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋವಿಲ್ ಸೀಮೆಯಲ್ಲಿ ‘ಸ್ನೇಹಾ’ ಸಂಸ್ಥೆಯವರು ಊರಿಗೊಂದು ಸಾಮೂಹಿಕ ದಾಸ್ತಾನು ಕಟ್ಟಿ, ಬ್ಯಾಂಕಿನ ಲಾಕರಿನಂತೆ ಬೀಗದ ಪೆಟ್ಟಿಗೆಗಳಲ್ಲಿ ರೈತರ ಔಷಧಿ ಇಡಿಸಿದರು. ರೈತರು ಅದನ್ನು ಒಪ್ಪಿ ಬಳಸಿದರು. ಆ ಊರುಗಳಲ್ಲಿ ಸಾವು ಇಳಿದದ್ದನ್ನು 2013ರಲ್ಲಿ ಪ್ರಕಟಿಸಿದರು. ತಮಿಳುನಾಡು ಸರ್ಕಾರವೂ 2022-23ರಲ್ಲಿ ಆರು ಬಗೆಯ ಕೀಟನಾಶಕಗಳನ್ನು 60 ದಿನ ತಡೆಹಿಡಿದು ನೋಡಿತು. ಆದ್ದರಿಂದ ಮನೆಯಲ್ಲಿ ಔಷಧಿ ಶೇಖರಿಸಬೇಡಿ. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಬೀಗದಕೈ ಮನೆಯಲ್ಲಿ ಸಮಾಧಾನದ ಮನುಷ್ಯನ ಕೈಯಲ್ಲಿರಲಿ. ಮಕ್ಕಳಿರುವ ಮನೆಗೆ ಇದು ಹೇಗೂ ಬೇಕಾದದ್ದೇ.

ಗುರುತಿಸುವುದು ಹೇಗೆ? ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಹೊಲದ ಕಡೆ ಹೋಗುವುದಿಲ್ಲ, ಜನರ ಮುಖ ನೋಡುವುದಿಲ್ಲ ಎಂದಾದರೆ ಅದನ್ನು ಸೋಮಾರಿತನವೆಂದು ಬಯ್ಯಬೇಡಿ. ಹೆಚ್ಚಾದ ಕುಡಿತ, ಕಾರಣವಿಲ್ಲದ ಸಿಟ್ಟು ಗಂಡಸರಲ್ಲಿ ಖಿನ್ನತೆಯ ಮುಖವಾಡವಾಗಿರಬಹುದು. "ನಾನಿಲ್ಲದಿದ್ದರೆ ನಿಮಗೆ ಹಗುರ" ಎಂಬ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ತುಂಬ ದಿನದ ಕಳವಳದ ನಂತರ ಒಮ್ಮೆಗೇ ಶಾಂತವಾಗುವುದು, ಇವು ಎಲೆಯ ಮೇಲಿನ ಚುಕ್ಕೆಗಳು. ಬಾಣಂತಿಯರನ್ನೂ, ಪರೀಕ್ಷೆಯ ಫಲಿತಾಂಶದ ವಾರದಲ್ಲಿ ಮಕ್ಕಳನ್ನೂ ವಿಶೇಷವಾಗಿ ಗಮನಿಸಿ. ಸಂಶಯ ಬಂದರೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ನಮಗೂ ಇತ್ತು. ಅದು ತಪ್ಪೆಂದು ತಜ್ಞರು ಹೇಳುತ್ತಾರೆ, ಜಗಲಿಯ ಮೇಲೆ ನಾವೇ ಕಂಡಿದ್ದೇವೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲಿ ಕೂತು 14416ಕ್ಕೆ ನೀವೇ ಕರೆ ಮಾಡಿ ಫೋನನ್ನು ಅವರ ಕೈಗೆ ಕೊಡಿ. ಮನೆಯವರು ತಮಗಾಗಿ ಸಲಹೆ ಕೇಳಿಯೂ ಕರೆ ಮಾಡಬಹುದು. ಜೀವಕ್ಕೆ ಅಪಾಯವಾಗಿದ್ದರೆ ಮಾತಿಗೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಫೋನ್ ಇಲ್ಲದವರ ಪಾಡೇನು? ನಮ್ಮ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಗಂಡನ ಜೇಬಿನಲ್ಲಿ. ದೇಂಕಣಿಕೋಟೆ ಕಾಡಂಚಿನಲ್ಲಿ ಸಿಗ್ನಲ್ ಸಿಗಲು ಬಂಡೆ ಹತ್ತಬೇಕು, ರಾತ್ರಿಯಾದರೆ ಆನೆಯ ಭಯ. ಸರ್ಕಾರದ ಯೋಜನೆ ಅಲ್ಲಿ ನಿಂತುಹೋಗುತ್ತದೆ, ಅಲ್ಲಿಂದ ಮುಂದಿನದು ನೆರೆಮನೆಯವರ ಕೆಲಸ. ಔಷಧಾಲಯದ ಸಿಸ್ಟರುಗಳು ಮಂಗಳವಾರ ಮತ್ತು ಶುಕ್ರವಾರ ಸಂಜೆ ಹೆಂಗಸರು ಬಂದು ಏಕಾಂತದಲ್ಲಿ ಫೋನ್ ಮಾಡಲು ಒಂದು ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ. ಯಾವ ಧರ್ಮದವರಾದರೂ ಬರಬಹುದು. ಏಕೆ ಬಂದಿರೆಂದು ಯಾರೂ ಕೇಳುವುದಿಲ್ಲ.

ಇನ್ನು ಗ್ರಾಮಸಭೆ. ತಮಿಳುನಾಡಿನಲ್ಲಿ ಈಗ ವರ್ಷಕ್ಕೆ ಆರು ಗ್ರಾಮಸಭೆಗಳು: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ರಸ್ತೆ, ನೀರು, ಬೀದಿದೀಪ ಕೇಳುವ ನಾವು ಇದುವರೆಗೆ ಮನಸ್ಸಿನ ಆರೋಗ್ಯದ ಬಗ್ಗೆ ಒಂದು ನಿರ್ಣಯವನ್ನೂ ಮಾಡಿಸಿಲ್ಲ. ಮುಂದಿನ ಸಭೆಗೆ ನಮ್ಮ ಕಿರು ಕ್ರೈಸ್ತ ಸಮುದಾಯಗಳವರು ಊರಿನ ಎಲ್ಲ ಜಾತಿ ಧರ್ಮದವರ ಸಹಿ ಹಾಕಿಸಿ ಒಂದು ಮನವಿ ಕೊಡಬೇಕೆಂದಿದ್ದೇವೆ. ಅದರಲ್ಲಿ ಕೇಳುವುದು ಇಷ್ಟೇ: ಪಂಚಾಯತಿ ಕಟ್ಟಡ, ರೇಷನ್ ಅಂಗಡಿ, ಗೊಬ್ಬರದ ಅಂಗಡಿ, ಬಸ್ ನಿಲ್ದಾಣಗಳಲ್ಲಿ 14416 ಎಂದು ತಮಿಳು, ಕನ್ನಡ, ತೆಲುಗು ಮೂರರಲ್ಲೂ ದೊಡ್ಡದಾಗಿ ಬರೆಸಬೇಕು, ತಿಂಗಳಿಗೆ ಎರಡು ದಿನವಾದರೂ ಮನೋವೈದ್ಯರು ತಳಿ, ಅಂಚೆಟ್ಟಿ ಕಡೆಯ ಆರೋಗ್ಯ ಕೇಂದ್ರಗಳಿಗೆ ಬರಬೇಕು, ಮಾತ್ರೆ ಅಲ್ಲೇ ಸಿಗಬೇಕು, ಕನ್ನಡ, ತೆಲುಗು ಬಲ್ಲ ಆಪ್ತಸಲಹೆಗಾರರು ಬೇಕು, ಜಿಲ್ಲೆಯ ಮಾನಸಿಕ ಆರೋಗ್ಯಕ್ಕೆ ವರ್ಷಕ್ಕೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಸಭೆಗೆ ಓದಿಹೇಳಬೇಕು. ಕೊನೆಯದನ್ನು ಕೇಳುವಾಗ ಕೆಲವರಿಗೆ ಸಿಟ್ಟು ಬರಬಹುದು. ಸಮಾಧಾನವಾಗಿಯೇ ಕೇಳಿ, ಆದರೆ ಬಿಡಬೇಡಿ. ಇದೇ ಮನವಿಯ ಒಂದು ಪ್ರತಿಯನ್ನು ಸೋಮವಾರ ಕಲೆಕ್ಟರ್ ಕಚೇರಿಯ ಕುಂದುಕೊರತೆ ದಿನದಂದು ಕೃಷ್ಣಗಿರಿಯಲ್ಲಿ ಕೊಡಲಾಗುವುದು.

ಮನವಿಯ ಕನ್ನಡ ಕರಡು ದೇವಾಲಯದ ಕಚೇರಿಯಲ್ಲಿದೆ. ತಮಿಳಿನಲ್ಲಿ ಅಂದವಾಗಿ ಬರೆಯಬಲ್ಲ ಯುವಕ ಯುವತಿಯರು ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಬಂದರೆ ಉಪಕಾರವಾಗುತ್ತದೆ. ಮುಂದಿನ ಸಂಚಿಕೆಯಲ್ಲಿ ಮಾವಿನ ಹೂವಿಗೆ ಬೀಳುವ ಜಿಗಿಹುಳುವಿನ ವಿಷಯ ಬರೆಯುತ್ತೇವೆ. ಅನುಭವಸ್ಥ ಬೆಳೆಗಾರರು ತಮ್ಮ ಮಾಹಿತಿಯನ್ನು ಈ ತಿಂಗಳ 20ರೊಳಗೆ ಕಳುಹಿಸಿಕೊಡಬೇಕು.